ನಾಲ್ಕು ಊರಿಗೆ ನಾಲ್ಕು ಬಣ್ಣದ ಕಿಟಕಿ

ಜನರನ್ನು ಓದು ಬಲ್ಲವರು, ಓದು ಬಾರದವರು ಎಂದು ಎರಡು ಪಂಗಡ ಮಾಡುವುದು ಶುದ್ಧ ತಪ್ಪು ಎಂದು ನನಗೆ ಅನಿಸತೊಡಗಿ ಬಹಳ ಕಾಲವಾಯಿತು. ಯಾರೂ ಓದುವುದಿಲ್ಲ. ಎಲ್ಲರೂ ನೋಡುತ್ತಾರೆ, ಅಷ್ಟೇ. ಬ್ಯಾಂಕಿನ ಗಾಜಿನ ಬಾಗಿಲ ಮೇಲೆ 'ಎಳೆಯಿರಿ' ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆದಿರುತ್ತಾರೆ; ಡಬಲ್ ಡಿಗ್ರಿಯವರೂ ಅದಕ್ಕೆ ಭುಜ ಕೊಟ್ಟು ನೂಕುತ್ತಾರೆ. ಬಸ್ಸಿನ ಹಣೆಯ ಮೇಲೆ ಯರಗಟ್ಟಿ ಎಂದು ಬರೆದಿರುತ್ತದೆ, 'ಯರಗಟ್ಟಿಗಿ ಹೋಗತೈತೇನ್ರಿ?' ಎಂದು ಕಂಡಕ್ಟರನನ್ನು ಕೇಳದೆ ಹತ್ತಿದ ಒಬ್ಬ ಪ್ರಯಾಣಿಕನನ್ನು ನಾನು ಇದುವರೆಗೆ ಕಂಡಿಲ್ಲ. 'ಬೋರ್ಡ್ ಓದಾಕ ಬರಂಗಿಲ್ಲೇನ್ರಿ?' ಎಂದು ಕಂಡಕ್ಟರ್ ಸಿಡುಕುತ್ತಾನೆ. ಬರುತ್ತದೆ. ಓದುವುದಿಲ್ಲ. ಹಾಗೆ ಸಿಡುಕುವ ಕಂಡಕ್ಟರನೂ 'ಧೂಮಪಾನ ನಿಷೇಧಿಸಿದೆ' ಎಂಬ ಬರಹಕ್ಕೆ ಬೆನ್ನು ಆನಿಸಿಕೊಂಡೇ ಬೀಡಿ ಹಚ್ಚುತ್ತಾನೆ. ಆದ್ದರಿಂದ ಜಗತ್ತು ಸುಸೂತ್ರವಾಗಿ ನಡೆಯಬೇಕಾದರೆ ಅಕ್ಷರದ ಮೇಲೆ ಭಾರ ಹಾಕಬಾರದು, ಬಣ್ಣದ ಮೇಲೆ ಹಾಕಬೇಕು ಎಂಬುದು ನನ್ನ ಸಿದ್ಧಾಂತ. ನಮ್ಮ ಮನೆಯ ಮಂದಿ ಅದನ್ನು ಸಿದ್ಧಾಂತ ಎನ್ನುವುದಿಲ್ಲ, ಚಟ ಎನ್ನುತ್ತಾರೆ.

ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ನೀಲಿ ಮುಚ್ಚಳ, ಸಕ್ಕರೆಗೆ ಕೆಂಪು, ರವೆಗೆ ಹಳದಿ. ಇದು ನಾನು ಮಾಡಿದ ವ್ಯವಸ್ಥೆ. ನಾನಿರುವುದು ತಮ್ಮನ ಮಗ ಮಹಾಂತೇಶನ ಮನೆಯಲ್ಲಿ; ಅಡುಗೆಮನೆಯ ನಿಜವಾದ ಒಡತಿ ಅವನ ಹೆಂಡತಿ. ಅವಳು ಮೊದಲ ದಿನವೇ ಕೇಳಿದಳು: 'ಅತ್ತಿಯಾರ, ಡಬ್ಬಿ ಗಾಜಿನವು ಅದಾವಲ್ರಿ, ಒಳಗಿಂದ ಕಾಣಸ್ತೈತಿ. ಮುಚ್ಚಳ ಯಾಕ ನೋಡಬೇಕು?' ಉಪ್ಪೂ ಬಿಳಿ, ಸಕ್ಕರೆಯೂ ಬಿಳಿ ಎಂದು ನಾನು ತಿಳಿಸಿಕೊಟ್ಟೆ. 'ಆದ್ರ ಇಷ್ಟ ವರ್ಷದಾಗ ಚಹಾಕ್ಕ ಉಪ್ಪ ಹಾಕಿಲ್ರಿ ನಾ' ಎಂದಳು. ಇಂಥ ಮಾತಿಗೆ ಉತ್ತರ ಕೊಡಬಾರದೆಂದು ನನಗೆ ನೌಕರಿಯಲ್ಲಿ ಕಲಿಸಿದ್ದಾರೆ.

ನೌಕರಿ ಎಂದರೆ ಟೆಲಿಫೋನ್ ಎಕ್ಸ್‌ಚೇಂಜಿನ ನೌಕರಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮುಂದಿನ ಬೋರ್ಡಿನಲ್ಲಿ ದೀಪ ಹತ್ತಿದ ಕೂಡಲೇ ವಯರು ಚುಚ್ಚಿ, ಈ ಊರಿನವರನ್ನು ಆ ಊರಿನವರಿಗೆ ಮಾತಾಡಿಸಿದವಳು ನಾನು. ಅಲ್ಲಿ ಸೆರಗಿಗೆ ಪಿನ್ನು ಕಡ್ಡಾಯ. ಬೆನ್ನು ಕುರ್ಚಿಗೆ ತಾಗಕೂಡದು. ನಗು ಬಂದರೆ ಡ್ಯೂಟಿ ಮುಗಿದ ಮೇಲೆ ನಗಬೇಕು. ಎಷ್ಟೋ ಸಲ ಡ್ಯೂಟಿ ಮುಗಿಯುವ ಹೊತ್ತಿಗೆ ಯಾಕೆ ನಗಬೇಕಾಗಿತ್ತೆಂಬುದು ಮರೆತುಹೋಗುತ್ತಿತ್ತು. ಆಮೇಲೆ ಆ ಬೋರ್ಡುಗಳೆಲ್ಲ ಮೂಲೆ ಸೇರಿದವು, ನಾನು ಮೇಲಕ್ಕೇರಿ ಸೂಪರ್‌ವೈಸರ್ ಆದೆ, ನಿವೃತ್ತಳಾದೆ. ಶಿಸ್ತು ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಲೈನ್ ಎಂಗೇಜ್ ಇತ್ತು ಎಂದು ಹೇಳಿ ಮಾತು ಮುಗಿಸುತ್ತೇನೆ.

ಮಹಾಂತೇಶನದು ಇಂಟರ್ನೆಟ್ ಕಂಪನಿ. ಕಂಪನಿ ಎಂದರೆ ದೊಡ್ಡದೇನೂ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಮನೆಗಳಿಗೆ ಸಂಪರ್ಕ ಕೊಡುತ್ತಾನೆ. ಬೈಲಹೊಂಗಲದಲ್ಲಿ ನಮ್ಮ ಮನೆಯ ಕೆಳಗಿನ ಕೋಣೆಯೇ ಆಫೀಸು, ಉಳಿದ ಮೂರು ಊರಿಗೆ ಒಬ್ಬೊಬ್ಬ ಏಜೆಂಟ್. ಒಂದೊಂದು ಊರಿಗೂ ಒಂದು ಪೆಟ್ಟಿಗೆ ಇದೆ. ಅಲ್ಲಿಂದಲೇ ಮನೆಮನೆಗೆ ವಯರು. ಈ ಪೆಟ್ಟಿಗೆಗಳು ಹೊಸ ಅಳಿಯಂದಿರ ಜಾತಿ, ಕಾರಣವಿಲ್ಲದೆ ಮುನಿಯುತ್ತವೆ. ಆಗ ಬೈಲಹೊಂಗಲದಲ್ಲಿ ಕೂತು, ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕಿಟಕಿ ತೆರೆದು, ಅದರಲ್ಲಿ ಒಂದು ಶಬ್ದ ಟೈಪು ಮಾಡಿ ಎಂಟರ್ ಒತ್ತಬೇಕು. ಅಷ್ಟು ದೂರದ ಪೆಟ್ಟಿಗೆ ಕಣ್ಣು ಮುಚ್ಚಿ, ಮೈ ಕೊಡವಿ, ಮತ್ತೆ ಎದ್ದು ಕೂರುತ್ತದೆ. ಅದು ಏಳುವವರೆಗೆ ಆ ಊರಿಗೆ ಇಂಟರ್ನೆಟ್ ಇಲ್ಲ. ಎದ್ದ ಮೇಲೆ ಎಲ್ಲ ಸುಖ.

ನಾಲ್ಕು ಊರಿಗೆ ನಾಲ್ಕು ಕಿಟಕಿ. ನಾಲ್ಕೂ ಕರಿ ಹಿನ್ನೆಲೆ, ನಾಲ್ಕರಲ್ಲೂ ಬಿಳಿ ಅಕ್ಷರ. ಸಂಜೆ ಕೆರೆಯಿಂದ ಎದ್ದು ಬಂದ ನಾಲ್ಕು ಎಮ್ಮೆಗಳ ಹಾಗೆ ಪರದೆಯ ತುಂಬ ಮಲಗಿರುತ್ತಿದ್ದವು. ಯಾವುದು ಯಾರ ಮನೆಯದು ಎಂದು ಎಮ್ಮೆಗೆ ಗೊತ್ತು, ನೋಡುವವರಿಗಲ್ಲ. ಪ್ರತಿ ಕಿಟಕಿಯ ಮೇಲಂಚಿನಲ್ಲಿ ಊರಿನ ಹೆಸರು ಇದ್ದೇ ಇರುತ್ತದೆ. ಅಂದರೆ ಓದಬೇಕು. ಓದುವ ವಿಷಯವನ್ನು ಆಗಲೇ ಹೇಳಿದ್ದೇನೆ.

ಈ ಎಮ್ಮೆಗಳಿಗೆ ಬಣ್ಣ ಬಳಿಯಬೇಕಾಗಿ ಬಂದದ್ದು ಸುನಂದಾಳ ಸಲುವಾಗಿ. ಸುನಂದಾ ನಮ್ಮ ರಾಮದುರ್ಗದ ಏಜೆಂಟ್ ಸಿದ್ದಪ್ಪನ ಮಗಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಪುಣೆಯ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಅವರು ಅವಳನ್ನು ವಿಡಿಯೋದ ಮೇಲೆ ಸಂದರ್ಶನಕ್ಕೆ ಕರೆದರು. ಹುಡುಗಿ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಹಿಂದಿನ ಗೋಡೆಗೆ ಚಂದದ ಪರದೆ ಕಟ್ಟಿಕೊಂಡು ಕೂತಳು. ಮೊದಲ ಪ್ರಶ್ನೆ ಬಂತು. ಉತ್ತರಕ್ಕೆ ಅವಳು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ, ಸವದತ್ತಿಯ ಪೆಟ್ಟಿಗೆಯನ್ನು ಎಬ್ಬಿಸಲು ಹೋದ ಮಹಾಂತೇಶ ರಾಮದುರ್ಗದ ಕಿಟಕಿಯಲ್ಲಿ ಎಂಟರ್ ಒತ್ತಿದ. ಸುನಂದಾ ಪುಣೆಯವರ ಪರದೆಯ ಮೇಲೆ ಬಾಯಿ ತೆರೆದ ಭಂಗಿಯಲ್ಲೇ ನಿಂತುಹೋದಳು.

ಮರುದಿನ ಸಿದ್ದಪ್ಪ ಮೊದಲ ಬಸ್ಸಿಗೇ ಬಂದ. 'ಮಾಲಕರ, ಊರ ಮಂದಿಗೆಲ್ಲಾ ನೆಟ್ ಮಾರಾಂವ ನಾ. ನನ್ನ ಮನೀ ಹುಡಿಗಿನ ಬಾಯಿ ತಕ್ಕೊಂಡ ನಿಂತಳಲ್ರಿ! ಡೆಂಟಲ್ ಡಾಕ್ಟರ ಮುಂದ ಕುಂತಂಗ!' ಎಂದು ಕುರ್ಚಿಯಲ್ಲಿ ಕುಸಿದ. ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಸಲ ಅವಕಾಶ ಕೊಟ್ಟಿದ್ದರು, ಆದರೆ ಇದೇ ಕೊನೆಯದು ಎಂದಿದ್ದರು. 'ನಾಲ್ಕೂ ಕಿಟಕಿ ಕರೀನ ಇದ್ವು, ಹೆಂಗ ಗೊತ್ತಾಗಬೇಕು?' ಎಂದು ಮಹಾಂತೇಶ ತನ್ನ ಪರವಾಗಿ ವಾದಿಸಿದ. ನಾನು ಎದ್ದು ನಿಂತೆ. 'ಆ ಕುರ್ಚಿ ಬಿಡು' ಎಂದೆ. ಅಂದಿನಿಂದ ನಾಲ್ಕೂ ಕಿಟಕಿಗಳ ಮುಂದೆ ಕೂರುವವಳು ನಾನೇ ಎಂದೂ, ಸುನಂದಾಳ ಎರಡನೆಯ ಸಂದರ್ಶನ ನಡೆಯುವಾಗ ರಾಮದುರ್ಗದ ಪೆಟ್ಟಿಗೆಗೆ ನೊಣ ಕೂಡ ತಾಗಲಾರದೆಂದೂ, ಅದಕ್ಕೆ ನಾನೇ ಜವಾಬ್ದಾರಳೆಂದೂ ಸಿದ್ದಪ್ಪನ ಎದುರಿಗೇ ಸಾರಿದೆ. ಸಿದ್ದಪ್ಪ ಎದ್ದು ಕೈ ಮುಗಿದ. ಕೈ ಮುಗಿಸಿಕೊಳ್ಳುವುದು ನನಗೆ ಇಷ್ಟವಿಲ್ಲ ಎಂದು ಹೇಳುತ್ತಿರುತ್ತೇನೆ. ಹೇಳಬೇಕಲ್ಲ.

ಟರ್ಮಿನಲ್ ಕಿಟಕಿಗಳಿಗೆ ಬೇರೆ ಬೇರೆ ಬಣ್ಣ ಹಾಕಬಹುದೆಂಬುದು ಮಹಾಂತೇಶನಿಗೆ ಗೊತ್ತಿತ್ತು; ಹಾಕಬೇಕೆಂಬುದು ಗೊತ್ತಿರಲಿಲ್ಲ. ನಾನು ಒಂದು ಮುಂಜಾನೆ ಕೂತು ವ್ಯವಸ್ಥೆ ಮಾಡಿದೆ. ನನ್ನ ವ್ಯವಸ್ಥೆಯ ಹಿಂದೆ ಯೋಚನೆ ಇರುತ್ತದೆ. ರಾಮದುರ್ಗಕ್ಕೆ ಕೆಂಪು ಹಿನ್ನೆಲೆ: ಕೆಂಪು ಕಂಡರೆ ಕೈ ಹಿಂದೆ ಸರಿಯಬೇಕು. ಕಿತ್ತೂರಿಗೆ ಹಸಿರು: ಅಲ್ಲಿಯ ಪೆಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮುನಿಯುವಂಥದು, ದಿನವೂ ಎಬ್ಬಿಸಬೇಕು, ಆದ್ದರಿಂದ ಧಾರಾಳವಾಗಿ ಮುಟ್ಟಬಹುದು. ಸವದತ್ತಿಗೆ ಹಳದಿ, ಬೈಲಹೊಂಗಲಕ್ಕೆ ನೀಲಿ. ಆಮೇಲೆ ಕೈಗೆ ತಾಲೀಮು ಕೊಟ್ಟೆ. ಬೆಳಿಗ್ಗೆ ಸ್ನಾನ, ವಿಭೂತಿ, ಚಹಾ ಮುಗಿಸಿ ಕೂತು, ಕೆಂಪು ಎಂದರೆ ಕೈ ತೊಡೆಯ ಮೇಲೆ, ಹಸಿರು ಎಂದರೆ ಕೈ ಮುಂದೆ, ಹೀಗೆ ಕವಾಯತು. ಸ್ವಲ್ಪ ದಿನದಲ್ಲೇ ನನಗೆ ಕನ್ನಡಕವೂ ಬೇಡವಾಯಿತು. 'ಅತ್ತಿ, ಹೆಸರರ ಒಂದ ಸಲ ನೋಡು' ಎಂದು ಮಹಾಂತೇಶ ಹೇಳಿದ. ಯಾರು ಓದುತ್ತಾರೋ ಅವರಿಗೆ ತಡವಾಗುತ್ತದೆ ಎಂದೆ.

ಸುನಂದಾ ಒಮ್ಮೆ ತಂದೆಯ ಜೊತೆಗೆ ಬಂದಾಗ ಅವಳಿಗೂ ಇದನ್ನೆಲ್ಲ ತೋರಿಸಿದೆ. ಅವಳು ನನ್ನನ್ನು ಆಯಿ ಎಂದು ಕರೆಯುತ್ತಾಳೆ, ಸ್ವಂತ ಅಜ್ಜಿಯನ್ನು ಕರೆದ ಹಾಗೆ. ಕುತೂಹಲದಿಂದ ನೋಡಿದಳು. 'ನಮ್ಮ ಲ್ಯಾಬಿನಾಗೂ ಹಿಂಗ ಐತ್ರಿ ಆಯಿ. ರಕ್ತದ ಬಾಟ್ಲಿಗೆ ಬ್ಯಾರೆ ಬ್ಯಾರೆ ಬಣ್ಣದ ಟೊಪಗಿ. ಆದ್ರ ಪೇಷಂಟ್ ಹೆಸರ ಓದಲಾರದ ಏನೂ ಮಾಡಂಗಿಲ್ರಿ' ಎಂದಳು. ಮೊದಲ ಅರ್ಧವನ್ನು ನಾನು ಮೆಚ್ಚಿಕೊಂಡೆ. ಎರಡನೆಯ ಅರ್ಧ ಹೊಸ ತಲೆಮಾರಿನ ಅಂಜುಬುರುಕುತನ ಎಂದು ಬಿಟ್ಟುಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಮಹಾಂತೇಶ ಹೊಸ ಜಾತಿಯ ವ್ಯಾಪಾರಿ. ಚಹಾ ಕುಡಿದರೂ ಫೋಟೋ ಹಾಕುತ್ತಾನೆ. ನಾನು ನಾಲ್ಕು ಬಣ್ಣದ ಕಿಟಕಿಗಳ ಮುಂದೆ ನೆಟ್ಟಗೆ ಕೂತ ಫೋಟೋ ತೆಗೆದು, 'ನಮ್ಮ ಅತ್ತೆಯವರ ಹೊಸ ವ್ಯವಸ್ಥೆ' ಎಂದು ಬರೆದು ಏಜೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟ. ಸಂದರ್ಶನದ ದಿನಾಂಕವನ್ನು ಅದೇ ಗ್ರೂಪಿನಲ್ಲಿ ಹಾಕಿ, ಆ ದಿನ ಜೋಕೆ ಎಂದು ಬರೆದಾಗ ಒಬ್ಬನೂ ತುಟಿ ಬಿಚ್ಚಿರಲಿಲ್ಲ. ಈ ಫೋಟೋಕ್ಕೆ ಮಾತ್ರ ಫೋನು ಕಾದ ಹಂಚಿನ ಮೇಲಿನ ಸಾಸಿವೆಯಂತೆ ಸಿಡಿಯತೊಡಗಿತು. ಓದುವುದಿಲ್ಲ, ನೋಡುತ್ತಾರೆ ಎಂದೆನಲ್ಲ.

ಮೊದಲು ಫೋನ್ ಮಾಡಿದವನು ಕಿತ್ತೂರಿನ ಏಜೆಂಟ್ ರುದ್ರಗೌಡ. 'ಅಕ್ಕಾರ, ನಮಸ್ಕಾರ್ರಿ. ನಮ್ಮ ಊರಿಗೆ ಹಸರ ಯಾಕ ಹಚ್ಚೀರಿ?' ಧಾರಾಳವಾಗಿ ಮುಟ್ಟುವ ಊರು ಎಂದು ಹೇಳಲಾದೀತೆ? ತಂಪಾದ ಬಣ್ಣವಪ್ಪಾ ಎಂದೆ. 'ತಂಪ ಯಾರಿಗಿ ಬೇಕಾಗೈತ್ರಿ? ಕಿತ್ತೂರಂದ್ರ ಕತ್ತಿ ಹಿಡಿದ ಊರ್ರಿ. ಕೆಂಪ ನಮಗ ಸಲ್ಲಬೇಕು. ಅದನ್ನ ರಾಮದುರ್ಗಕ್ಕ ಕೊಟ್ಟೀರಿ, ನಮಗ ಕೊತ್ತಂಬರಿ ಬಣ್ಣ ಹಚ್ಚೀರಿ!' ಅಷ್ಟರಲ್ಲಿ ಸವದತ್ತಿಯವನ ಸಂದೇಶ: ಹಳದಿ ಕೊಟ್ಟದ್ದು ಬಹಳ ಚೊಲೋ ಆಯಿತು, ದೇವಿಯ ಭಂಡಾರದ ಅರಿಸಿನದ ಬಣ್ಣ, ಆದರೆ ಸ್ವಲ್ಪ ಮಾಸಿದ ಹಾಗೆ ಕಾಣಿಸುತ್ತದೆ, ಇನ್ನಷ್ಟು ಗಾಢ ಮಾಡಬೇಕು. ಹೊಸ ಗಿರಾಕಿ ಹಿಡಿಯಲು ಅವನು ಇಷ್ಟು ಚುರುಕಾಗಿದ್ದನ್ನು ನಾನು ಎಂದೂ ಕಾಣೆ.

ಆದರೆ ನನ್ನನ್ನು ದಂಗುಬಡಿಸಿದವನು ಸಿದ್ದಪ್ಪ. ಯಾವನ ಮಗಳ ಸಲುವಾಗಿ ಈ ಎಲ್ಲ ಆಟ ಹೂಡಿದ್ದೆನೋ, ಅದೇ ಸಿದ್ದಪ್ಪ! 'ಅಕ್ಕಾರ, ಏನ್ ತಪ್ಪ ಮಾಡೇವ್ರಿ ನಾವು? ಕೆಂಪಂದ್ರ ಡೇಂಜರ್. ಪಾಸ್ ಆಗಲಾರದವರ ಹೆಸರಿನ ಕೆಳಗ ಎಳೆಯೂ ಗೆರಿ ಕೆಂಪ. ಊರಾಗ ಮಂದಿ ಕೇಳಾಕತ್ತಾರ, ನಿಮ್ಮ ಊರಿಗೆ ಲಾಲ್ ಬತ್ತಿ ಯಾಕ ಹಚ್ಚ್ಯಾರ ಅಂತ.' ನಾನು ಕೇಳಿದೆ: 'ಊರ ಮಂದಿಗೆ ಹೆಂಗ ಗೊತ್ತಾತೋ ಸಿದ್ದಪ್ಪ?' 'ನಾನ ಫೋಟೋ ತೋರಿಸಿದ್ನಿರಿ' ಎಂದ. 'ನಿನ್ನ ಮಗಳ ಸಲುವಾಗಿ ಇದು. ಕೆಂಪ ಇದ್ರ ನನ್ನ ಕೈ ಮುಟ್ಟಂಗಿಲ್ಲ' ಎಂದೆ. 'ಅದು ಖರೇರಿ, ಮಗಳದು ಒಂದ ದಿನದ ಮಾತು. ಊರಿನ ಮಾನ ಕಾಯಮ್ ಇರೂದಲ್ರಿ' ಎಂದ. ಈ ಮಾತಾಡುವಾಗ ಅವನ ಧ್ವನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಆ ಕಿಟಕಿಗಳನ್ನು ಜಗತ್ತಿನಲ್ಲಿ ನೋಡುವವಳು ನಾನೊಬ್ಬಳೇ, ಅದೂ ಕನ್ನಡಕವಿಲ್ಲದೆ, ಎಂಬುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬಣ್ಣವೆಂದರೆ ಬಣ್ಣ, ಅದಕ್ಕೆ ಒಡೆಯನಿರುವುದಿಲ್ಲ ಎಂದು ನಂಬಿದ್ದ ಕಾಲವೊಂದಿತ್ತು. ಹೋದ ಚುನಾವಣೆಯ ಹೊತ್ತಿನಲ್ಲಿ ನಮ್ಮ ಕಂಪೌಂಡ್ ಗೋಡೆಗೆ ಬಣ್ಣ ಹಚ್ಚಿಸಲು ಹೋಗಿ ನನ್ನ ಕಣ್ಣು ತೆರೆಯಿತು. ಹಸಿರು ಎಂದುಕೊಂಡೆ; ಪಕ್ಕದ ಮನೆಯವರು 'ಯಾವಾಗ ಆ ಕಡೆ ಹೋದ್ರಿ ಬಾಯಾರ?' ಎಂದು ಕೇಳಿದರು. ನೀಲಿ ಎಂದೆ, ಎದುರಿನ ಮನೆಯವರು 'ಬ್ಯಾರೆ ಯಾವ ಬಣ್ಣಾನೂ ಸಿಗಲಿಲ್ಲೇನ್ರಿ?' ಎಂದು ಮೂಗು ಮುರಿದರು. ಅವರು ಯಾಕೆ ಮೂಗು ಮುರಿದರೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಮೂಗಿಗೆ ಹೆದರಿ ಗೋಡೆ ಬದಲಿಸಬಾರದೆಂದು ನೀಲಿಯನ್ನೇ ಗಟ್ಟಿ ಮಾಡಿದೆ. ಆದರೆ ಬಣ್ಣದವನು ಜಾಣ, ಕೇಸರಿಯ ಡಬ್ಬಿ ತಂದಿದ್ದ. 'ಈಗ ಇದ ನಡದೈತ್ರಿ' ಎಂದ. ಅಂತೂ ಜಗಳವೇ ಬೇಡವೆಂದು ಸುಣ್ಣ ಹೊಡೆಸಿದೆ. ಮೂರನೆಯ ಓಣಿಯ ಮುದುಕಿಯೊಬ್ಬಳು ಬಂದು, ಬಿಳಿ ಗೋಡೆಯನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: 'ಯಾರ ಹೋದರ ಯವ್ವಾ?' ನೋಡಿ, ಕಾಮನಬಿಲ್ಲು ಆಕಾಶದಲ್ಲಿ ಇರುವುದರಿಂದ ಬಚಾವಾಗಿದೆ. ಕೈಗೆ ಸಿಗುವಷ್ಟು ಕೆಳಗಿದ್ದಿದ್ದರೆ ನಮ್ಮವರು ಎಂದೋ ಅದನ್ನು ಪಟ್ಟಿ ಪಟ್ಟಿಯಾಗಿ ಹರಿದು ಹಂಚಿಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

ಜಗಳ ಹರಿಯದಾಗ ಮಹಾಂತೇಶ ಎಲ್ಲರನ್ನೂ ಆಫೀಸಿಗೆ ಕರೆಸಿ ಮೀಟಿಂಗ್ ಇಟ್ಟ. ಗಿರಮಿಟ್ಟು, ಮಿರ್ಚಿ ಭಜಿ, ಚಹಾ. ಮಿರ್ಚಿ ಖಾರವಿದ್ದುದರಿಂದ ಮಾತೂ ಖಾರವಾಯಿತು. ಕಿತ್ತೂರಿಗೆ ಕೆಂಪು ಬರದಿದ್ದರೆ ತಾನು ಗ್ರೂಪು ಬಿಡುವುದಾಗಿ ರುದ್ರಗೌಡ ಹೇಳಿದ. ಕಂಪನಿ ಬಿಡುತ್ತೇನೆ ಎನ್ನಲಿಲ್ಲ, ಗ್ರೂಪು ಬಿಡುತ್ತೇನೆ ಎಂದ, ಕಾಲ ಹಾಗಿದೆ. 'ತಗೋರಿ ನಿಮ್ಮ ಕೆಂಪ, ಯಾರಿಗಿ ಬೇಕಾಗೈತಿ' ಎಂದು ಸಿದ್ದಪ್ಪ ತಟ್ಟೆ ಸರಿಸಿದ. 'ಹಂಗಾರ ಅದಲಾಬದಲಿ ಮಾಡೂಣು. ಕಿತ್ತೂರ ಕೆಂಪ, ರಾಮದುರ್ಗ ಹಸರ. ಮುಗೀತು' ಎಂದು ಮಹಾಂತೇಶ ಕೈ ಝಾಡಿಸಿದ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಆಗ ಹೇಳಬೇಕಾಗಿದ್ದ ಮಾತು ಒಂದೇ: ಸುನಂದಾಳ ಸಂದರ್ಶನ ಮುಗಿಯುವವರೆಗೆ ಒಂದು ಬಣ್ಣವೂ ಅಲುಗಕೂಡದು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ರುದ್ರಗೌಡ, 'ಅಕ್ಕಾರಿಗೆ ವಯಸ್ಸಾತ್ರಿ, ಬದಲ ಮಾಡಿದ್ರ ಗೊಂದಲ ಆಕೈತೇನೋ. ಬ್ಯಾಡಾಗಿದ್ರ ಬಿಡ್ರಿ' ಎಂದ. ಮರ್ಯಾದೆಯಿಂದಲೇ ಎಂದ. ವಯಸ್ಸಾದವರಿಗೆ ಮರ್ಯಾದೆಯಿಂದ ಆಡಿದ ಮಾತು ಎಷ್ಟು ನೋಯುತ್ತದೆಂಬುದು ವಯಸ್ಸಾದವರಿಗೇ ಗೊತ್ತು. 'ಗೊಂದಲ ನಿಮಗ ಆಕೈತಿ, ನನಗಲ್ಲ' ಎಂದು ಹೇಳಿ, ಅವರೆಲ್ಲರ ಎದುರಿಗೇ ಪಟಪಟನೆ ಎರಡೂ ಬಣ್ಣ ಬದಲಾಯಿಸಿಬಿಟ್ಟೆ. ಚಪ್ಪಾಳೆ ಬಿತ್ತು. ರುದ್ರಗೌಡ ಕೆಂಪು ಕಿಟಕಿಯ ಪಕ್ಕ ನಿಂತು, ಮೀಸೆ ತಿರುವಿ, ಫೋಟೋ ತೆಗೆಸಿಕೊಂಡ.

ಸಂದರ್ಶನದ ದಿನ ಬಂತು. ಬೆಳಿಗ್ಗೆ ಎದ್ದು ಎಲ್ಲವನ್ನೂ ಯಥಾವತ್ತಾಗಿ ಮುಗಿಸಿ, ಸೆರಗಿಗೆ ಪಿನ್ನು ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತೆ. ಕೋಣೆಗೆ ಯಾರೂ ಬರಬಾರದೆಂದು ಅಪ್ಪಣೆ ಮಾಡಿದ್ದೆ. ರಾಮದುರ್ಗ ಹಸಿರು, ರಾಮದುರ್ಗ ಹಸಿರು ಎಂದು ಮನಸ್ಸಿನಲ್ಲಿ ಜಪಿಸಿಕೊಂಡೆ. ಸುನಂದಾ ಪರದೆ ಕಟ್ಟಿಕೊಂಡು ಕೂತಳೆಂದು ಸಿದ್ದಪ್ಪ ಫೋನ್ ಮಾಡಿ ಹೇಳಿದ. ಎಲ್ಲ ಸರಿಯಾಗಿತ್ತು. ಆಗ ಮುನಿದದ್ದು ಕಿತ್ತೂರಿನ ಪೆಟ್ಟಿಗೆ. ಕೆಂಪು ಹಚ್ಚಿದ ಮೇಲೆ ಅದು ಮುನಿದದ್ದು ಅದೇ ಮೊದಲು; ಹೊಸ ಬಣ್ಣದ ಗೌರವಕ್ಕೋ ಏನೋ, ಅಲ್ಲಿಯವರೆಗೆ ತೆಪ್ಪಗಿತ್ತು. ರುದ್ರಗೌಡನ ಫೋನು ಒಂದೇ ಸವನೆ. 'ಅಕ್ಕಾರ, ಊರಾಗ ನೆಟ್ ನಿಂತೈತ್ರಿ! ಮದುವಿ ಮನ್ಯಾಗ ದುಬೈದಾಗಿನ ಕಾಕಾ ಲೈವ್ ನೋಡಾಕತ್ತಾನ್ರಿ, ಅಕ್ಕಿಕಾಳ ಒಗೆಯೂ ಹೊತ್ತಿಗೆ ನಿಂತ ಬಿಟ್ಟೈತಿ! ಲಗೂನ ಎಬ್ಬಸ್ರಿ!' ಕಿತ್ತೂರು ಎಂದ ಕೂಡಲೇ ನನ್ನ ಕೈ ಎದ್ದಿತು. ಮನಸ್ಸು ಕೆಂಪು ಎಂದಿತು. ಆದರೆ ಕೆಂಪು ಕಂಡದ್ದೇ ತಡ, ನಾನೇ ಕವಾಯತು ಕೊಟ್ಟು ತಯಾರು ಮಾಡಿದ ಕೈ ಹೆದರಿದ ಕೋಳಿಯಂತೆ ಹಿಂದೆ ಸರಿಯಿತು. ಪಕ್ಕದಲ್ಲಿ ಹಸಿರು ತಂಪಾಗಿ, ಹಳೆಯ ಗೆಳತಿಯಂತೆ ಕರೆಯಿತು. ಹೋದೆ. ಟೈಪು ಮಾಡಿದೆ. ಎಂಟರ್ ಒತ್ತಿದೆ. ಒತ್ತಿದ ಮೇಲೆ ಕನ್ನಡಕ ಹಾಕಿಕೊಂಡು ಮೇಲಂಚನ್ನು ಓದಿದೆ. ರಾಮದುರ್ಗ ಎಂದಿತ್ತು. ಅಕ್ಷರ ದುಂಡಾಗಿ, ಸ್ಪಷ್ಟವಾಗಿ ಇತ್ತು.

ಪೆಟ್ಟಿಗೆ ಮತ್ತೆ ಏಳುವವರೆಗಿನ ಹೊತ್ತು ಎಷ್ಟೆಂದು ಹೇಳಲಾರೆ. ಆ ಹುಡುಗಿಯ ತೆರೆದ ಬಾಯಿಯೊಂದೇ ನನ್ನ ಕಣ್ಣ ಮುಂದೆ ಇತ್ತು. ಕಿತ್ತೂರಿನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ದುಬೈಯ ಕಾಕಾ ಆಶೀರ್ವಾದ ಮಾಡದೆಯೂ ಮದುವೆಗಳು ಆಗುತ್ತವೆ. ಬೆನ್ನು ತಾನಾಗಿಯೇ ಕುರ್ಚಿಗೆ ಒರಗಿತು. ಅದನ್ನು ಸರಿಪಡಿಸಿಕೊಳ್ಳಬೇಕೆಂದೂ ತೋಚಲಿಲ್ಲ.

ಕೊನೆಗೆ ಫೋನ್ ಮಾಡಿದವಳು ಸುನಂದಾಳೇ. 'ಆಯಿ, ಛಲೋ ಆತ್ರಿ. ಎಲ್ಲಾ ಪ್ರಶ್ನೆಗೂ ಉತ್ತರ ಹೇಳಿದ್ನಿ. ಮುಂದಿನ ತಿಂಗಳ ಬಾ ಅಂದ್ರು.' 'ನಡುವ ಏನರ... ಲೈನ್...' ಎಂದೆ. 'ಹೋಗಿತ್ರಿ. ಆದ್ರ ನಾ ಬ್ಯಾರೆ ಕಂಪನೀ ಸಿಮ್ ಹಾಕಿ ಇನ್ನೊಂದ ಮೊಬೈಲ್ ಬಾಜೂಕ ಇಟಗೊಂಡಿದ್ನಿ. ನಮ್ಮ ನೆಟ್ ಹೋದ ಕೂಡಲೇ ಅದು ಹಿಡೀತು. ಅವರಿಗೆ ಗೊತ್ತ ಆಗಲಿಲ್ರಿ.' ಯಾವಾಗ ತಂದಿ ಯವ್ವಾ ಆ ಸಿಮ್ಮು ಎಂದು ಕೇಳಿದೆ. 'ಅಪ್ಪ ಮೀಟಿಂಗ್ ಮುಗಿಸಿ ಬಂದು, ಬಣ್ಣ ಬದಲ ಮಾಡಿಸಿದ್ನಿ ಅಂತ ಹೇಳಿದ ದಿನಾನ ತಂದ್ನಿರಿ' ಎಂದಳು.

ಸಿದ್ದಪ್ಪನಿಗೆ ಮಗಳಿಗೆ ನೌಕರಿ ಸಿಕ್ಕ ಸಂತೋಷಕ್ಕಿಂತ, ಸ್ವಂತ ಮನೆಯಲ್ಲಿ ವೈರಿ ಕಂಪನಿಯ ಸಿಮ್ಮು ಹೊಕ್ಕ ದುಃಖವೇ ದೊಡ್ಡದಾಯಿತು. ಆ ದುಃಖದಲ್ಲಿ ಗ್ರೂಪಿನಲ್ಲಿ ಲೈನ್ ಹೋದದ್ದನ್ನು ಬರೆದ. ಈಗ ತನಿಖೆಯಾಗುತ್ತದೆ, ಯಾರ ಕೈ ಎಂದು ಕೇಳುತ್ತಾರೆ, ನಾನು ಎದ್ದು ನಿಂತು ಒಪ್ಪಿಕೊಳ್ಳಬೇಕು ಎಂದು ವಾಕ್ಯವನ್ನೂ ಸಿದ್ಧ ಮಾಡಿಕೊಂಡೆ. ಯಾರೂ ಕೇಳಲಿಲ್ಲ. 'ನಮ್ಮ ಹಸರ ನಿಮಗ ದಕ್ಕಲಿಲ್ಲ ನೋಡ್ರಿ' ಎಂದು ರುದ್ರಗೌಡ ಬರೆದ. 'ನೀವು ವಾಪರಿಸಿ ಹಳೇದ ಮಾಡಿ ಬಿಟ್ಟ ಬಣ್ಣ ಕೊಟ್ಟೀರಿ, ಅದಕ್ಕ ಹಿಂಗಾತು' ಎಂದು ಸಿದ್ದಪ್ಪ ತಿರುಗಿಬಿದ್ದ. ಅದಲುಬದಲು ಮಾಡಿದ ದಿನ ಅಮಾವಾಸ್ಯೆಯ ಹತ್ತಿರವಿತ್ತೆಂದು ಸವದತ್ತಿಯವನು ಪಂಚಾಂಗದ ಫೋಟೋ ಹಾಕಿದ. ದೋಷ ಬಣ್ಣದ್ದೇ ಎಂದು ಮೂವರೂ ಒಪ್ಪಿದರು. ಈ ಮೂವರು ಒಂದು ವಿಷಯದಲ್ಲಿ ಒಪ್ಪಿದ್ದು ಕಂಪನಿಯ ಇತಿಹಾಸದಲ್ಲಿ ಅದೇ ಮೊದಲು. 'ಅತ್ತಿ, ನೀ ಏನಂತಿ?' ಎಂದು ಮಹಾಂತೇಶ ಕೇಳಿದ. ಸಿದ್ಧ ಮಾಡಿಕೊಂಡಿದ್ದ ವಾಕ್ಯ ಬಾಯಲ್ಲೇ ಇತ್ತು. ಇಷ್ಟು ಜನರ ಒಮ್ಮತವನ್ನು ಒಬ್ಬಳು ಮುರಿಯುವುದು ಸಂಸ್ಥೆಗೆ ಒಳ್ಳೆಯದಲ್ಲ ಎನಿಸಿತು. 'ಬಣ್ಣ ಕೂಡಿ ಬರಲಿಲ್ಲ ಅನಸ್ತೈತಿ' ಎಂದೆ.

ನಾಲ್ಕೂ ಕಿಟಕಿಗಳು ಮತ್ತೆ ಕರಿ ಎಮ್ಮೆಗಳಾದವು. ಶಾಂತಿಗೆಂದು ಸೋಮವಾರ ಆಫೀಸಿನಲ್ಲಿ ಒಂದು ಸಣ್ಣ ಪೂಜೆ ಇಟ್ಟುಕೊಂಡರು. ಮೂವರೂ ಏಜೆಂಟರು ಬಂದರು. ರುದ್ರಗೌಡ ತೆಂಗಿನಕಾಯಿ ತಂದ, ಸುನಂದಾ ನೌಕರಿಯ ಪೇಢೆ ತಂದಳು. ಹಿರಿಯಳೆಂದು ಕುಂಕುಮದ ತಟ್ಟೆ ನನ್ನ ಕೈಗೇ ಕೊಟ್ಟರು. ನಾನು ಗಂಭೀರವಾಗಿ, ಒಂದೊಂದೇ ಕಿಟಕಿಗೆ, ಪರದೆಯ ಗಾಜಿನ ಮೇಲೆ ಬೊಟ್ಟು ಇಟ್ಟೆ. ಸುನಂದಾ ಪಕ್ಕಕ್ಕೆ ಬಂದು ನಿಂತಳು. 'ಎಲ್ಲಾದಕ್ಕೂ ಹಚ್ಚಿದ್ರೇನ್ರಿ ಆಯಿ?' ಎಂದು ಮೆಲ್ಲಗೆ ಕೇಳಿದಳು. 'ಹಚ್ಚಿದ್ನಿ ನೋಡವಾ' ಎಂದೆ. 'ಒಂದ ಉಳದೈತ್ರಿ' ಎಂದವಳೇ ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು, ನನ್ನ ಬಲಗೈ ಹಿಡಿದು, ಎಂಟರ್ ಒತ್ತುವ ಬೆರಳಿನ ಮೇಲೆ ಒಂದು ಬೊಟ್ಟು ಇಟ್ಟು, ಬಗ್ಗಿ ನಮಸ್ಕಾರ ಮಾಡಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಡ್ಯೂಟಿ ಮುಗಿದ ಮೇಲೆ ನಗುವವಳ ಮುಖ ಅದು.

'ಸಂಸ್ಕಾರ ಅಂದ್ರ ಇದು ನೋಡ್ರಿ! ಹಿರಿಯರ ಕೈಗೆ ಕುಂಕುಮ ಹಚ್ಚೂ ಹುಡಿಗ್ಯಾರ ಈಗ ಎಲ್ಲಿ ಸಿಗತಾರ?' ಎಂದು ರುದ್ರಗೌಡ ಗದ್ಗದಿತನಾಗಿ, ಆ ದೃಶ್ಯದ ಫೋಟೋ ತೆಗೆದು ಗ್ರೂಪಿಗೆ ಹಾಕಿಬಿಟ್ಟ. ನಾಲ್ಕೂ ಊರುಗಳಿಂದ ನನಗೆ ನಮಸ್ಕಾರಗಳು, ಹೂಗುಚ್ಛಗಳು, ಕೈ ಮುಗಿದ ಚಿತ್ರಗಳು ಇನ್ನೂ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಬರೆಯುವುದು ಶಿಸ್ತು. ಆದರೆ ಬರೆಯಲು ಆ ಬೆರಳನ್ನೇ ಎತ್ತಬೇಕಲ್ಲ.